ಬಂದೂಕಿನ ಬೀಗ, ಶಾಲೆಯ ಬಾಗಿಲು

(ಕೆಂಗಲ್ ಸುತ್ತಿನ ಶಾಲೆಗಳ ಶಿಕ್ಷಕರು ಹಾಗೂ ಪೋಷಕರನ್ನು ಉದ್ದೇಶಿಸಿದ ಉಪನ್ಯಾಸದ ಪಾಠ)



ಕೆಂಗಲ್ ಆಂಜನೇಯನ ಸನ್ನಿಧಿಯಿಂದ ಕೆಲವೇ ಮೈಲಿ ದೂರದಲ್ಲಿ ರಾಮದೇವರ ಬೆಟ್ಟವಿದೆ. 1973ರಲ್ಲಿ ಮುಂಬಯಿಯ ಚಿತ್ರತಂಡವೊಂದು ಆ ಬೆಟ್ಟದ ಬಂಡೆಗಳ ನಡುವೆ ಒಂದು ಸುಳ್ಳು ಹಳ್ಳಿಯನ್ನೇ ಕಟ್ಟಿ 'ಶೋಲೆ' ಚಿತ್ರವನ್ನು ತೆಗೆಯಲಾರಂಭಿಸಿತು. ಚಿತ್ರ 1975ರ ಆಗಸ್ಟ್ 15ರಂದು ತೆರೆ ಕಂಡಿತು. ಅದರಲ್ಲಿ ಡಕಾಯಿತನೊಬ್ಬ ಠಾಕೂರನ ಮನೆಯವರನ್ನು ಒಬ್ಬೊಬ್ಬರಾಗಿ ಗುಂಡಿಕ್ಕಿ ಕೊಲ್ಲುತ್ತಾನೆ. ಕೊನೆಯ ಗುಂಡು ಮನೆಯ ಪುಟ್ಟ ಮಗುವಿಗೆ. ಆದರೆ ಆ ಒಂದು ಗುಂಡು ತಗಲುವುದನ್ನು ಮಾತ್ರ ತೆರೆಯ ಮೇಲೆ ತೋರಿಸಲಿಲ್ಲ. ಸದ್ದು ಕೇಳಿಸುತ್ತದೆ, ದೃಶ್ಯ ಬದಲಾಗುತ್ತದೆ. ಇಡೀ ದೇಶಕ್ಕೆ ಗುಂಡಿನ ಕಾಳಗವನ್ನು ಉಣಬಡಿಸಿದ ಚಿತ್ರಕ್ಕೂ ಮಗುವಿನ ಮೇಲೆ ಬೀಳುವ ಗುಂಡನ್ನು ತೋರಿಸಲು ಅಳುಕಿತ್ತು.

ಮಗುವಿನ ಮೇಲೆ ಯಾರೂ ಬಂದೂಕು ಎತ್ತುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ನಮ್ಮ ಶಾಲೆಗಳೂ ನಿಂತಿವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಶಾಲೆಯ ಅಂಗಳ ಊರಿನ ಅಂಗಳವೂ ಹೌದು. ಮತದಾನ ಅಲ್ಲೇ, ಲಸಿಕೆ ಹಾಕುವುದು ಅಲ್ಲೇ, ಮಳೆ ಬಂದರೆ ದನಕಾಯುವವರು ನಿಲ್ಲುವುದೂ ಅದರ ಜಗಲಿಯಲ್ಲೇ. ಹೀಗಿರುವಾಗ ಶಾಲೆಯಲ್ಲಿ ಗುಂಡು ಹಾರುವ ಮಾತನ್ನು ಎತ್ತಿದರೆ, "ಅದು ಅಮೆರಿಕದ ಸಮಾಚಾರ, ನಮಗೇಕೆ?" ಎಂದು ಕೇಳುವವರೇ ಹೆಚ್ಚು. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ಉತ್ತರ ಹುಡುಕುವುದೇ ಇವತ್ತಿನ ಕೆಲಸ.

ನಮ್ಮಲ್ಲಿ ನಡೆದದ್ದು

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಭಾರತದಲ್ಲಿ ಶಾಲೆಯೊಳಗೆ ಗುಂಡು ಹಾರುವುದು ಅಪರೂಪ. ಹೆದರಿ ಮಕ್ಕಳನ್ನು ಮನೆಯಲ್ಲಿ ಕೂರಿಸುವಂಥ ಸ್ಥಿತಿ ಇಲ್ಲ. ಆದರೆ ಅಪರೂಪ ಎಂದ ಮಾತ್ರಕ್ಕೆ ನಡೆದೇ ಇಲ್ಲ ಎಂದು ಅರ್ಥವಲ್ಲ.

2007ರ ಡಿಸೆಂಬರ್ 11ರಂದು ದೆಹಲಿ ಪಕ್ಕದ ಗುಡಗಾಂವ್‌ನ ಒಂದು ಖಾಸಗಿ ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬನನ್ನು ಇಬ್ಬರು ಸಹಪಾಠಿಗಳು ಗುಂಡಿಟ್ಟು ಕೊಂದರು. ಪಿಸ್ತೂಲು ಅವರಲ್ಲೊಬ್ಬನ ತಂದೆಯದು. ಹುಡುಗರ ನಡುವೆ ಮೊದಲಿನಿಂದಲೂ ಜಗಳವಿತ್ತು.

ಕರ್ನಾಟಕದ ಪ್ರಕರಣ 2015ರದು. ಆ ವರ್ಷ ಮಾರ್ಚ್ 31ರ ರಾತ್ರಿ ಬೆಂಗಳೂರಿನ ಕಾಡುಗೋಡಿಯ ಒಂದು ವಸತಿ ವಿದ್ಯಾಸಂಸ್ಥೆಯಲ್ಲಿ ಅಲ್ಲಿಯ ನೌಕರನೇ ವಿದ್ಯಾರ್ಥಿನಿಲಯಕ್ಕೆ ಹೋಗಿ ಗುಂಡು ಹಾರಿಸಿದ. ಪಿ.ಯು. ವಿದ್ಯಾರ್ಥಿನಿಯೊಬ್ಬಳು ಸತ್ತಳು, ಇನ್ನೊಬ್ಬಳು ಗಾಯಗೊಂಡಳು. ಹೊರಗಿನವನು ಗೋಡೆ ಹಾರಿ ಬಂದದ್ದಲ್ಲ. ಬೀಗದ ಕೈ ಹಿಡಿದು ಓಡಾಡುವಂಥ, ಮಕ್ಕಳು ದಿನವೂ ಮುಖ ನೋಡುತ್ತಿದ್ದ ಮನುಷ್ಯ.

ಇತ್ತೀಚಿನ ವರ್ಷಗಳಲ್ಲಿ ಉತ್ತರ ಭಾರತದಿಂದ ಇಂಥ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. 2024ರ ಜುಲೈ ಕೊನೆಯಲ್ಲಿ ಬಿಹಾರದ ಸುಪೌಲ್ ಜಿಲ್ಲೆಯಲ್ಲಿ ನರ್ಸರಿಯ ಮಗುವೊಂದು ಮನೆಯಿಂದ ಬ್ಯಾಗಿನಲ್ಲಿ ಪಿಸ್ತೂಲು ತಂದು ಮೂರನೆಯ ತರಗತಿಯ ಹುಡುಗನ ಕೈಗೆ ಗುಂಡು ಹೊಡೆಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಮಧ್ಯಪ್ರದೇಶದ ಛತ್ತರ್‌ಪುರ ಜಿಲ್ಲೆಯ ಸರ್ಕಾರಿ ಶಾಲೆಯ ಪ್ರಾಂಶುಪಾಲರನ್ನು ಹನ್ನೆರಡನೆಯ ತರಗತಿಯ ವಿದ್ಯಾರ್ಥಿ ಗುಂಡಿಟ್ಟು ಕೊಂದ. 2025ರ ಆಗಸ್ಟ್‌ನಲ್ಲಿ ಉತ್ತರಾಖಂಡದ ಕಾಶೀಪುರದಲ್ಲಿ ಒಂಬತ್ತನೆಯ ತರಗತಿಯ ಹುಡುಗ ಊಟದ ಡಬ್ಬಿಯಲ್ಲಿ ನಾಡಪಿಸ್ತೂಲು ಅಡಗಿಸಿ ತಂದು ಉಪಾಧ್ಯಾಯರ ಮೇಲೆ ಗುಂಡು ಹಾರಿಸಿದ. ಉಪಾಧ್ಯಾಯರು ಬದುಕಿಕೊಂಡರು. ಕೆಲ ದಿನಗಳ ಹಿಂದೆ ಆ ಹುಡುಗನಿಗೆ ಕಪಾಳಕ್ಕೆ ಬಿದ್ದಿತ್ತು ಎಂದು ಆಗ ವರದಿಯಾಯಿತು.

ಈ ಐದು ಘಟನೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಎದ್ದು ಕಾಣುವ ಸಂಗತಿ ಒಂದಿದೆ. ಐದರಲ್ಲೂ ಗುಂಡು ಹಾರಿಸಿದವರು ಶಾಲೆಗೆ ಸೇರಿದವರೇ, ವಿದ್ಯಾರ್ಥಿ ಅಥವಾ ನೌಕರ. ಐದರಲ್ಲೂ ಆಯುಧ ಹೇಗೋ ಅವರ ಕೈಗೆ ಎಟುಕಿತ್ತು, ಬಾಗಿಲಲ್ಲಿ ಯಾರ ಕಣ್ಣಿಗೂ ಬೀಳದೆ ಒಳಗೆ ಬಂದಿತ್ತು. ಕೆಲವದರಲ್ಲಿ ಹಿಂದಿನ ಜಗಳ, ಅವಮಾನ, ಸಿಟ್ಟು ಇತ್ತು. ಇವನ್ನು ತಡೆಯುವುದು ಎಲ್ಲಿಂದ ಎಂಬುದನ್ನು ಈ ಹೋಲಿಕೆಯೇ ಹೇಳಿಬಿಡುತ್ತದೆ.

ಅಮೆರಿಕ ಕಷ್ಟಪಟ್ಟು ಕಲಿತದ್ದು

ಶಾಲೆಯ ಗುಂಡಿನ ದಾಳಿಯ ವಿಷಯದಲ್ಲಿ ಅತಿ ಹೆಚ್ಚು ನೋವುಂಡ ದೇಶ ಅಮೆರಿಕ. ಕೊಲರಾಡೋದ ಕೊಲಂಬೈನ್ ಪ್ರೌಢಶಾಲೆ (1999), ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆ (2012), ಟೆಕ್ಸಾಸ್‌ನ ಯುವಾಲ್ಡೆ (2022) ಈ ಹೆಸರುಗಳು ಅಲ್ಲಿ ಮನೆಮಾತು. ಸ್ಯಾಂಡಿ ಹುಕ್‌ನಲ್ಲಿ ಸತ್ತವರಲ್ಲಿ 20 ಮಂದಿ ಪುಟ್ಟ ಮಕ್ಕಳು. ಯುವಾಲ್ಡೆಯಲ್ಲಿ 19 ಮಕ್ಕಳು. ಅಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳೂ ಬಾಗಿಲು ಹಾಕಿ, ದೀಪ ಆರಿಸಿ, ಸದ್ದಿಲ್ಲದೆ ಮೂಲೆಯಲ್ಲಿ ಕೂರುವ ಕವಾಯತು ಕಲಿಯುತ್ತಾರೆ.

ಇಷ್ಟು ನೋವಿನ ನಂತರ ಆ ದೇಶ ಕೈಗೊಂಡ ಅಧ್ಯಯನಗಳಲ್ಲಿ ಮುಖ್ಯವಾದದ್ದು 2002ರಲ್ಲಿ ಪ್ರಕಟವಾಯಿತು. ಅಧ್ಯಕ್ಷರ ರಕ್ಷಣೆಯ ಹೊಣೆ ಹೊತ್ತ ಸೀಕ್ರೆಟ್ ಸರ್ವೀಸ್ ಮತ್ತು ಅಲ್ಲಿಯ ಶಿಕ್ಷಣ ಇಲಾಖೆ ಸೇರಿ 1974ರಿಂದ 2000ದವರೆಗಿನ 37 ದಾಳಿಗಳನ್ನು ಒಂದೊಂದಾಗಿ ಪರಿಶೀಲಿಸಿದವು. ಶೇಕಡ 81ರಷ್ಟು ಘಟನೆಗಳಲ್ಲಿ ದಾಳಿಯ ಯೋಚನೆ ಮೊದಲೇ ಕನಿಷ್ಠ ಒಬ್ಬರಿಗೆ ತಿಳಿದಿತ್ತು. ಹಾಗೆ ತಿಳಿದಿದ್ದವರು ಬಹುಪಾಲು ಜೊತೆಯ ಹುಡುಗರೇ. ಶೇಕಡ 68ರಷ್ಟು ದಾಳಿಕೋರರು ಬಂದೂಕನ್ನು ತೆಗೆದದ್ದು ತಮ್ಮ ಮನೆಯಿಂದ ಇಲ್ಲವೇ ನೆಂಟರ ಮನೆಯಿಂದ. ಶೇಕಡ 71ರಷ್ಟು ಮಂದಿ ಇತರರ ಪೀಡನೆಗೆ, ಬೆದರಿಕೆಗೆ ಒಳಗಾಗಿದ್ದವರು. ಇನ್ನೊಂದು ಮಾತನ್ನೂ ಆ ವರದಿ ಹೇಳಿತು. ಇಂಥ ಮುಖ, ಇಂಥ ಮನೆತನ, ಇಂಥ ಅಂಕ ಪಡೆಯುವ ಹುಡುಗನೇ ದಾಳಿ ಮಾಡುತ್ತಾನೆ ಎಂದು ಗುರುತು ಹಚ್ಚುವ ಲಕ್ಷಣಪಟ್ಟಿ ಯಾವುದೂ ಇಲ್ಲ. ಹುಡುಗ ಯಾರು ಎಂಬುದಕ್ಕಿಂತ ಅವನು ಏನು ಮಾಡುತ್ತಿದ್ದಾನೆ, ಏನು ಹೇಳುತ್ತಿದ್ದಾನೆ ಎಂಬುದನ್ನು ನೋಡಬೇಕು.

ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಪ್ರೌಢಶಾಲೆಯ ಪ್ರಕರಣದಲ್ಲಿ ಇದೆಲ್ಲ ಒಂದೇ ದಿನದಲ್ಲಿ ಕಣ್ಣಿಗೆ ಕಟ್ಟುತ್ತದೆ. 2021ರ ನವೆಂಬರ್ 30ರ ಬೆಳಿಗ್ಗೆ ಹದಿನೈದು ವರ್ಷದ ಹುಡುಗನೊಬ್ಬ ಲೆಕ್ಕದ ಹಾಳೆಯ ಮೇಲೆ ಬಂದೂಕಿನ ಚಿತ್ರ ಬರೆದು, ಪಕ್ಕದಲ್ಲಿ ಸಹಾಯ ಬೇಡುವ ಮಾತನ್ನೂ ಗೀಚಿದ್ದನ್ನು ಶಿಕ್ಷಕಿ ಕಂಡರು. ತಂದೆತಾಯಿಯನ್ನು ಕರೆಸಲಾಯಿತು. ಅವರು ಮಗನನ್ನು ಮನೆಗೆ ಕರೆದೊಯ್ಯಲಿಲ್ಲ. ನಾಲ್ಕು ದಿನಗಳ ಹಿಂದೆಯಷ್ಟೇ ಪಿಸ್ತೂಲು ಕೊಂಡಿದ್ದ ಸಂಗತಿಯನ್ನು ಹೇಳಲಿಲ್ಲ. ಶಾಲೆಯವರು ಹುಡುಗನ ಚೀಲವನ್ನು ತೆರೆದು ನೋಡಲಿಲ್ಲ, ತರಗತಿಗೆ ಕಳುಹಿಸಿದರು. ಪಿಸ್ತೂಲು ಆ ಚೀಲದಲ್ಲೇ ಇತ್ತು. ಮಧ್ಯಾಹ್ನದ ದಾಳಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು. 2024ರಲ್ಲಿ ನ್ಯಾಯಾಲಯ ತಂದೆಗೂ ತಾಯಿಗೂ ಜೈಲು ಶಿಕ್ಷೆ ವಿಧಿಸಿತು. ಮಗ ಶಾಲೆಯಲ್ಲಿ ನಡೆಸಿದ ಹತ್ಯೆಗೆ ಹೆತ್ತವರನ್ನು ಹೀಗೆ ನರಹತ್ಯೆಯ ಹೊಣೆಗಾರರನ್ನಾಗಿ ಮಾಡಿದ್ದು ಆ ದೇಶದಲ್ಲಿ ಅದೇ ಮೊದಲು.

ಬ್ರಿಟನ್ನಿನ ದಾರಿ ಬೇರೆ. 1996ರ ಮಾರ್ಚ್ 13ರಂದು ಸ್ಕಾಟ್‌ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ ಒಬ್ಬ ವ್ಯಕ್ತಿ 16 ಮಕ್ಕಳನ್ನೂ ಅವರ ಶಿಕ್ಷಕಿಯನ್ನೂ ಕೊಂದ. ಮರುವರ್ಷವೇ ಅಲ್ಲಿಯ ಸಂಸತ್ತು ಖಾಸಗಿಯವರು ಕೈಪಿಸ್ತೂಲು ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ಆಮೇಲೆ ಅಂಥ ಗುಂಡಿನ ಹತ್ಯಾಕಾಂಡ ಬ್ರಿಟನ್ನಿನ ಯಾವ ಶಾಲೆಯಲ್ಲೂ ನಡೆದಿಲ್ಲ.

ಬನ್ನಿಮರದ ಬುದ್ಧಿ

ಹಾಗಾದರೆ ಮೊದಲ ಪ್ರಶ್ನೆ ಬಂದೂಕಿನದು. ಭಾರತದಲ್ಲಿ ಬಂದೂಕು ಸುಲಭದ ಸ್ವತ್ತಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಅಪರಾಧ. 21 ವರ್ಷ ತುಂಬದವರಿಗೆ ಪರವಾನಗಿ ಇಲ್ಲ. 2019ರ ತಿದ್ದುಪಡಿ ಒಬ್ಬರ ಬಳಿ ಇರಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸುವುದನ್ನು ಶಿಕ್ಷಾರ್ಹ ಮಾಡಿತು. ಬಂದೂಕನ್ನು ಸುರಕ್ಷಿತವಾಗಿ ಇಡುವೆನೆಂಬ ಮುಚ್ಚಳಿಕೆಯನ್ನೂ 2016ರ ನಿಯಮಗಳು ಪರವಾನಗಿದಾರನಿಂದ ಕೇಳುತ್ತವೆ.

ಕಾನೂನು ಇಷ್ಟು ಬಿಗಿ. ಮನೆಯೊಳಗಿನ ಅಭ್ಯಾಸ ಮಾತ್ರ ಅಷ್ಟು ಬಿಗಿಯಲ್ಲ. ಕೆಂಗಲ್‌ಗೆ ದೂರವಲ್ಲದ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಲ್ಲಿ 2025ರ ಫೆಬ್ರವರಿಯಲ್ಲಿ ನಡೆದದ್ದನ್ನು ನೆನೆಯಬಹುದು. ಕೋಳಿಫಾರಂ ಒಂದರಲ್ಲಿ ಕೈಗೆಟುಕುವಂತೆ ಇಟ್ಟಿದ್ದ ಬಂದೂಕನ್ನು ಹದಿಹರೆಯದ ಹುಡುಗನೊಬ್ಬ ಎತ್ತಿಕೊಂಡ. ಗುಂಡು ಹಾರಿ ಅಲ್ಲಿ ಕೂಲಿಗೆ ಬಂದಿದ್ದವರ ನಾಲ್ಕು ವರ್ಷದ ಮಗು ಸತ್ತಿತು, ತಾಯಿಗೂ ಗಾಯವಾಯಿತು. ಅಲ್ಲಿ ಹಗೆಯಿರಲಿಲ್ಲ, ಸಿಟ್ಟಿರಲಿಲ್ಲ. ಗುಂಡು ತುಂಬಿದ ಬಂದೂಕು ಮತ್ತು ಒಬ್ಬ ಹುಡುಗನ ಕುತೂಹಲ ಇವೆರಡೇ ಸಾಕಾದವು.

ಈ ಸೀಮೆಯ ಕಾಡಂಚಿನ ಹಳ್ಳಿಗಳ ಕಷ್ಟ ಎಲ್ಲರಿಗೂ ಗೊತ್ತಿರುವುದೇ. ತೆಂಗಿನಕಲ್ಲು, ಕಬ್ಬಾಳು ಕಾಡುಗಳಿಂದ ಆನೆ ಇಳಿಯುತ್ತದೆ. ಕಾಡುಹಂದಿ ಒಂದೇ ರಾತ್ರಿಯಲ್ಲಿ ಹೊಲವನ್ನು ಉತ್ತುಬಿಡುತ್ತದೆ. ಬೆಳೆ ಕಾಯಲು ಪರವಾನಗಿ ಪಡೆದು ಬಂದೂಕು ಇಟ್ಟುಕೊಂಡ ರೈತನನ್ನು ಕೊಲೆಗಾರನಂತೆ ನೋಡುವುದು ಅನ್ಯಾಯ. ಆದರೆ ಪರವಾನಗಿಯಿಲ್ಲದ ನಾಡಬಂದೂಕು, ಹಂದಿಗೆಂದು ಇಡುವ ಸಿಡಿಮದ್ದಿನ ಉಂಡೆ, ಕಲ್ಲುಗಣಿಗಳಿಂದ ಹೊರಬೀಳುವ ಜಿಲೆಟಿನ್ ಕಡ್ಡಿ ಇವು ಮಕ್ಕಳಿರುವ ಮನೆಯ ಅಟ್ಟದ ಮೇಲೆ ಇರತಕ್ಕವಲ್ಲ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡು, ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ, ಎರಡು ಕಡೆಯೂ ಗಣಿಯ ಸ್ಫೋಟಕಗಳು ಸಿಡಿದು ದೊಡ್ಡವರೇ ಪ್ರಾಣ ಕಳೆದುಕೊಂಡರು. ಕೆಲಸ ಬಲ್ಲವರ ಗತಿಯೇ ಹೀಗಾದರೆ ಮಕ್ಕಳ ಕೈಗೆ ಸಿಕ್ಕಿದರೆ ಏನಾದೀತು ಎಂದು ಬೇರೆ ಹೇಳಬೇಕಿಲ್ಲ.

ಆಯುಧವನ್ನು ಬಳಸುವುದರಷ್ಟೇ ಅದನ್ನು ಎತ್ತಿಡುವುದೂ ನಮ್ಮ ಸಂಸ್ಕೃತಿಯ ಭಾಗ. ವಿಜಯದಶಮಿಯಂದು ಬನ್ನಿ ಹಂಚುವಾಗ ನೆನೆಯುವ ಕಥೆ ಯಾವುದು? ಅಜ್ಞಾತವಾಸಕ್ಕೆ ಹೊರಟ ಪಾಂಡವರು ವಿರಾಟನ ಊರಿನ ಹೊರಗೆ ಸ್ಮಶಾನದ ಬಳಿಯ ಶಮೀವೃಕ್ಷದ ಮೇಲೆ ಆಯುಧಗಳನ್ನು ಕಟ್ಟಿಟ್ಟರು. ಯಾರೂ ಹತ್ತಿರ ಸುಳಿಯದಿರಲೆಂದು ಒಂದು ಹೆಣವನ್ನೂ ಅಲ್ಲಿ ತೂಗುಬಿಟ್ಟರು. ಆಮೇಲೆ ಬಾಲಕನಾದ ಉತ್ತರಕುಮಾರ ಆ ಮರ ಹತ್ತಿ ಆಯುಧ ಮುಟ್ಟಿದ್ದು ಅರ್ಜುನನೇ ಕೆಳಗೆ ನಿಂತು ಹೇಳಿದ ಮೇಲೆ. ಎತ್ತರದ ಜಾಗ, ಗಟ್ಟಿ ಕಟ್ಟು, ಪಕ್ಕದಲ್ಲಿ ತಿಳಿದ ಹಿರಿಯ, ಇವು ಮೂರೂ ಆ ಕಥೆಯಲ್ಲಿವೆ.

ಬಂದೂಕಿನೊಂದಿಗೇ ಬಾಳಿದ ಕೊಡಗಿನ ಉದಾಹರಣೆಯೂ ಇದೆ. 1861ರಲ್ಲಿ ಬ್ರಿಟಿಷರು ಕೊಡವರಿಗೆ ಶಸ್ತ್ರ ಕಾನೂನಿನಿಂದ ವಿನಾಯಿತಿ ಕೊಟ್ಟರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಇಂದಿಗೂ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಅಲ್ಲಿ ನಾಟಿಯ ಕಾಲ ಬಂತೆಂದರೆ ಬಂದೂಕು ದೇವರ ಕೋಣೆ ಸೇರುತ್ತಿತ್ತು. ಬೇಸಾಯ ಮುಗಿದು ಕೈಲ್ ಮುಹೂರ್ತದ ದಿನ ಪೂಜೆ ಮಾಡಿ ಅದನ್ನು ಹೊರತೆಗೆಯುವುದು ವಾಡಿಕೆ. ಕೊಡಗಿನಲ್ಲಿ ಬಂದೂಕಿನ ಅಪಘಾತವಾಗಲಿ ಕೊಲೆಯಾಗಲಿ ನಡೆದೇ ಇಲ್ಲವೆಂದಲ್ಲ. ಆದರೆ ಬಂದೂಕಿಗೂ ಒಂದು ಕಾಲ, ಒಂದು ಜಾಗ, ಒಂದು ಮರ್ಯಾದೆ ಇದೆ ಎಂಬ ಪಾಠವನ್ನು ಮನೆಯ ಮಕ್ಕಳು ಆ ಆಚರಣೆಯಲ್ಲೇ ಕಲಿಯುತ್ತಾರೆ.

ಬಯಲುಸೀಮೆಯಲ್ಲಿ ಅಂಥ ಪದ್ಧತಿ ಇಲ್ಲ. ಇಲ್ಲಿರುವುದು ಚುನಾವಣೆಯ ಪದ್ಧತಿ. ಚುನಾವಣೆ ಘೋಷಣೆಯಾದೊಡನೆ ಪರವಾನಗಿ ಇರುವ ಬಂದೂಕುಗಳನ್ನು ಠಾಣೆಯಲ್ಲಿ ಜಮಾ ಮಾಡಿಸುತ್ತಾರೆ. ಮತ ಹಾಕುವವರಿಗೆ ಭಯವಿರಬಾರದೆಂಬ ಎಚ್ಚರಿಕೆ ಅದು. ಮತಗಟ್ಟೆಯಾಗುವುದು ಯಾವ ಕಟ್ಟಡ? ಬಹುಪಾಲು ಊರಿನ ಶಾಲೆಯೇ. ಮತದಾನದ ಒಂದು ದಿನಕ್ಕೆ ತೋರುವ ಎಚ್ಚರಿಕೆಯಲ್ಲಿ ಸ್ವಲ್ಪವನ್ನಾದರೂ ಅದೇ ಕಟ್ಟಡದಲ್ಲಿ ಮಕ್ಕಳು ಕಳೆಯುವ ಉಳಿದ ದಿನಗಳಿಗೆ ತೋರಬೇಕು. ಬಂದೂಕನ್ನು ಕಿತ್ತುಕೊಳ್ಳಬೇಕೆಂದಲ್ಲ. ಗುಂಡು ತೆಗೆದು ಬೇರೆ ಪೆಟ್ಟಿಗೆಯಲ್ಲಿಡಿ, ಬಂದೂಕಿಗೆ ಬೀಗ ಹಾಕಿ, ಬೀಗದ ಕೈ ಮಕ್ಕಳಿಗೆ ತಿಳಿಯದ ಜಾಗದಲ್ಲಿರಲಿ. ಕೇಳುತ್ತಿರುವುದು ಇಷ್ಟೇ.

ಹೇಳಲು ಹೆದರುವ ಮಗು

ಎರಡನೆಯ ಪ್ರಶ್ನೆ ಮಾತಿನದು. ಅಮೆರಿಕದ ಅಧ್ಯಯನದಲ್ಲಿ ಮೊದಲೇ ತಿಳಿದಿದ್ದ ಅಷ್ಟೊಂದು ಹುಡುಗರಲ್ಲಿ ಹೆಚ್ಚಿನವರು ಬಾಯಿ ಬಿಡಲಿಲ್ಲವೇಕೆ? ಸ್ನೇಹಿತನಿಗೆ ದ್ರೋಹವಾದೀತೆಂಬ ಅಳುಕು, ನಂಬುವುದಿಲ್ಲವೆಂಬ ಅನುಮಾನ, ದೊಡ್ಡವರ ಭಯ. ನಮ್ಮ ಶಾಲೆಗಳಲ್ಲಿ ಈ ಮೂರನೆಯದರ ಚರಿತ್ರೆ ಬಹಳ ಉದ್ದ.

ಹಿಂದಿನ ಕೂಲಿಮಠಗಳಲ್ಲಿ ಐಗಳ ಕೈಯಲ್ಲಿ ಬೆತ್ತ ಇದ್ದೇ ಇರುತ್ತಿತ್ತು. ಮರಳಿನ ಮೇಲೆ ಅಕ್ಷರ ತಿದ್ದುವ ಮಗು ತಪ್ಪಿದರೆ ಛಡಿ ಏಟು. ತಂಟೆ ಮಾಡಿದವನಿಗೆ ಕೋದಂಡ, ಅಂದರೆ ತೊಲೆಗೆ ಕಟ್ಟಿದ ಹಗ್ಗ ಹಿಡಿಸಿ ತೂಗುಹಾಕುವುದು. 'ದಂಡಂ ದಶಗುಣಂ' ಎಂಬುದು ಆಗಿನ ಶಿಕ್ಷಣ ತತ್ತ್ವ. ಮುದುಕರಾದ ಮೇಲೆ ಆ ಏಟುಗಳನ್ನು ನಗುತ್ತ ನೆನೆದವರು ಬಹಳ ಮಂದಿ ಇದ್ದಾರೆ. ಆದರೆ ಆ ಕಾಲದ ಯಾವ ಮಗುವೂ ತನ್ನ ಮನಸ್ಸಿನ ಸಂಕಟವನ್ನು ಐಗಳ ಬಳಿ ಹೇಳಿಕೊಳ್ಳುತ್ತಿರಲಿಲ್ಲ ಎಂಬುದನ್ನೂ ಅವರು ಒಪ್ಪುತ್ತಾರೆ.

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಇದನ್ನು ಶಿಕ್ಷಕರ ಕೈ ಕಟ್ಟಿಹಾಕುವ ಕಾನೂನು ಎಂದು ಗೊಣಗುವವರಿದ್ದಾರೆ. ಕಾಶೀಪುರದ ಘಟನೆಯ ನಂತರ ಆ ಗೊಣಗು ಹೆಚ್ಚಾಗಿರಬಹುದು. ಒಂದು ಕಪಾಳದ ಏಟಿಗೆ ಗುಂಡು ಉತ್ತರವಲ್ಲ, ಅದಕ್ಕೆ ಸಮರ್ಥನೆಯೇ ಇಲ್ಲ. ಉಪಾಧ್ಯಾಯರೂ ಒಬ್ಬರ ಮಗ, ಮಗಳು; ಅವರ ಪ್ರಾಣಕ್ಕೂ ಅಷ್ಟೇ ಬೆಲೆ. ಆದರೆ ಸುರಕ್ಷತೆಯ ದೃಷ್ಟಿಯಿಂದಲೇ ನೋಡಿದರೂ ಏಟಿನಿಂದ ಶಾಲೆಗೆ ನಷ್ಟ. ಮೇಷ್ಟರಿಗೆ ಹೆದರುವ ಹುಡುಗ ಪಕ್ಕದವನ ಚೀಲದಲ್ಲಿ ಏನಿದೆ ಎಂದು ಮೇಷ್ಟರಿಗೆ ಹೇಳುವುದಿಲ್ಲ. ಶಾಲೆಯ ಅತ್ಯುತ್ತಮ ಕಾವಲುಗಾರರು ಮಕ್ಕಳೇ. ಅವರ ಬಾಯಿ ಕಟ್ಟಿದರೆ ಕಾವಲನ್ನೇ ಕಳೆದುಕೊಂಡಂತೆ.

ಹಾಗೆ ಬಂದ ಮಾತನ್ನು ಏನು ಮಾಡಬೇಕು? ಅಮೆರಿಕದ ವರ್ಜೀನಿಯಾ ರಾಜ್ಯ 2013ರಲ್ಲಿ ಸಾರ್ವಜನಿಕ ಶಾಲೆಗಳಲ್ಲಿ ಇದಕ್ಕಾಗಿ ಒಂದು ತಂಡವಿರಬೇಕೆಂದು ಕಾನೂನು ಮಾಡಿತು. ಬೆದರಿಕೆಯ ಮಾತು ಬಂದರೆ ಶಾಲೆಯ ಆಡಳಿತ, ಆಪ್ತಸಲಹೆ, ಪೊಲೀಸ್ ಮೊದಲಾದ ಕಡೆಯವರು ಕೂತು ಅದನ್ನು ತೂಗಿ ನೋಡುತ್ತಾರೆ. ಸಿಟ್ಟಿನಲ್ಲಿ ಬಂದ ಬಾಯಿಮಾತೇ, ನಿಜವಾದ ಸಿದ್ಧತೆಯೇ? ಬಾಯಿಮಾತಾದರೆ ಬುದ್ಧಿ ಹೇಳಿ ಕ್ಷಮೆ ಕೇಳಿಸುವುದು. ಸಿದ್ಧತೆಯಾದರೆ ಕೂಡಲೇ ತಡೆಯುವುದು, ಹೆತ್ತವರನ್ನು ಸೇರಿಸಿಕೊಳ್ಳುವುದು, ಆ ಹುಡುಗನ ಕಷ್ಟಕ್ಕೂ ದಾರಿ ಹುಡುಕುವುದು. ಶಾಲೆಯಿಂದ ಹೊರದೂಡಿ ಕೈ ತೊಳೆದುಕೊಂಡರೆ ಅಪಾಯ ಗೇಟಿನಾಚೆ ಹೋಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಹಳ್ಳಿಯ ಶಾಲೆಗೆ ಇಷ್ಟು ದೊಡ್ಡ ತಂಡ ಎಲ್ಲಿಂದ ಬರಬೇಕು ಎನ್ನಬಹುದು. ಬೇಕಾದ ಜನ ಇಲ್ಲೇ ಇದ್ದಾರೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಅದರಲ್ಲಿ ತಂದೆತಾಯಂದಿರೇ ಹೆಚ್ಚು. ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತವೆ. ಊರಿಗೊಬ್ಬರು ಆಶಾ ಕಾರ್ಯಕರ್ತೆ ಇದ್ದಾರೆ, ಬೀಟಿಗೊಬ್ಬ ಪೊಲೀಸ್ ಇದ್ದಾನೆ. ಮನಸ್ಸಿನ ತೊಂದರೆಗೆ 14416ಕ್ಕೆ ದೂರವಾಣಿ ಮಾಡಿದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯವರು ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಹಿಂದಿರುವ ಮುಖ್ಯ ಸಂಸ್ಥೆ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಈ ಮೂರು ಸಂಖ್ಯೆಗಳು ಶಾಲೆಯ ಗೋಡೆಯ ಮೇಲೆ ಸುಭಾಷಿತದ ಪಕ್ಕದಲ್ಲಿ ಬರೆದಿರಬೇಕು.

ಗೋಡೆ ಎಷ್ಟು ಎತ್ತರ?

ಮೂರನೆಯದು ಬಾಗಿಲಿನ ಪ್ರಶ್ನೆ. 2014ರ ಡಿಸೆಂಬರ್ 16ರಂದು ಪಾಕಿಸ್ತಾನದ ಪೇಶಾವರದ ಸೇನಾ ಶಾಲೆಗೆ ಭಯೋತ್ಪಾದಕರು ಹಿಂಭಾಗದ ಗೋಡೆ ಹತ್ತಿ ಬಂದರು. ನೂರಮೂವತ್ತಕ್ಕೂ ಹೆಚ್ಚು ಮಕ್ಕಳನ್ನು ಕೊಂದರು. ಅದರ ಬೆನ್ನಲ್ಲೇ ಭಾರತದ ಗೃಹ ಇಲಾಖೆಯೂ ಕಾಂಪೌಂಡು, ಗೇಟು, ಕಾವಲು ಎಂದು ಶಾಲೆಗಳಿಗೆ ಸೂಚನೆ ಕಳುಹಿಸಿತು. ಸೂಚನೆ ಸರಿಯೇ. ಆದರೆ ಗೋಡೆ ತಡೆಯುವುದು ಹೊರಗಿನವರನ್ನು ಮಾತ್ರ. ಗುಡಗಾಂವ್‌ನಲ್ಲಿ, ಕಾಡುಗೋಡಿಯಲ್ಲಿ, ಕಾಶೀಪುರದಲ್ಲಿ ಅಪಾಯ ಗೇಟಿನ ಮೂಲಕವೇ ಹಾಜರಿ ಹಾಕಿ ಒಳಗೆ ಬಂದಿತ್ತು. ಆದ್ದರಿಂದ ವಸತಿ ಶಾಲೆಗಳಲ್ಲಿ ನೌಕರರ ಪೂರ್ವಾಪರವನ್ನು ಪೊಲೀಸರಿಂದ ಪರಿಶೀಲಿಸಿಕೊಳ್ಳುವುದು, ರಾತ್ರಿ ಹೆಣ್ಣುಮಕ್ಕಳ ನಿಲಯದೊಳಗೆ ಯಾರು ಹೋಗಬಹುದು ಎಂಬುದಕ್ಕೆ ಬರಹದ ನಿಯಮ ಇರುವುದು ಗೋಡೆಗಿಂತ ಮುಖ್ಯ.

ಗೋಡೆಯೇ ಅಪಾಯವಾಗಬಹುದು ಎಂಬುದನ್ನು ತಮಿಳುನಾಡಿನ ಕುಂಭಕೋಣಂ ಕಲಿಸಿತು. 2004ರ ಜುಲೈ 16ರಂದು ಅಲ್ಲಿಯ ಶಾಲೆಯೊಂದರ ಅಡುಗೆಮನೆಯ ಬೆಂಕಿ ಗರಿಯ ಸೂರಿಗೆ ತಾಗಿತು. ಇಕ್ಕಟ್ಟಾದ ಕಟ್ಟಡದಿಂದ ಹೊರಬರಲಾರದೆ 94 ಮಕ್ಕಳು ಸುಟ್ಟುಹೋದರು. ಬಂದೂಕಿಗೆ ಹೆದರಿ ಎಲ್ಲ ಬಾಗಿಲಿಗೂ ಬೀಗ ಹಾಕಿದ ಶಾಲೆ ಬೆಂಕಿ ಬಿದ್ದ ದಿನ ಬೋನಾಗುತ್ತದೆ. ಒಳಬರುವ ಬಾಗಿಲು ಒಂದೇ ಇರಲಿ, ಹೊರಹೋಗುವ ಬಾಗಿಲು ಎರಡಾದರೂ ಇರಲಿ. ಎರಡನೆಯದು ಒಳಗಿನಿಂದ ಕೈಯಲ್ಲೇ ತೆರೆಯುವಂತಿರಲಿ.

ಚನ್ನಪಟ್ಟಣದ ಬೊಂಬೆಯವರ ಕೆಲಸವನ್ನು ಇಲ್ಲಿ ನೆನೆಯಬಹುದು. ಆಲೆ ಮರವನ್ನು ಕಡೆದು, ಅಂಚು ಕೈಗೆ ತಾಗದಂತೆ ಉಜ್ಜಿ, ಅರಗಿನ ಬಣ್ಣ ಹಚ್ಚುವಾಗ ಮಗು ಇದನ್ನು ಬಾಯಿಗೂ ಇಟ್ಟುಕೊಳ್ಳುತ್ತದೆ ಎಂಬುದು ಅವರ ಲೆಕ್ಕದಲ್ಲಿರುತ್ತದೆ. ಶಾಲೆ ಕಟ್ಟುವವರೂ ನಡೆಸುವವರೂ ಮೊದಲೇ ಹಾಗೆ ಯೋಚಿಸಬೇಕು. ಗಂಟೆ ಬಾರಿಸಿದಾಗ ಮಗು ಯಾವ ಕಡೆ ಓಡುತ್ತದೆ? ಗೇಟಿನ ಎದುರೇ ಬಸ್ಸು ನಿಲ್ಲುತ್ತದೆಯೇ? ರಾತ್ರಿ ಜಗಲಿಯಲ್ಲಿ ಇಸ್ಪೀಟು ಆಡಿ ಕುಡಿದವರು ಬಿಟ್ಟುಹೋದ ಬಾಟಲಿಗಳನ್ನು ಬೆಳಿಗ್ಗೆ ಯಾರು ಎತ್ತುತ್ತಾರೆ?

ಇನ್ನೊಂದು ಹೊಸ ಪೀಡೆ ಸುಳ್ಳು ಬೆದರಿಕೆಯದು. 2022ರ ಏಪ್ರಿಲ್‌ನಲ್ಲಿ, 2023ರ ಡಿಸೆಂಬರ್ 1ರಂದು, 2025ರ ಜುಲೈನಲ್ಲಿ ಬೆಂಗಳೂರಿನ ಶಾಲೆಗಳಿಗೆ ಬಾಂಬ್ ಇಟ್ಟಿದ್ದೇವೆಂದು ಇ-ಮೇಲ್ ಬಂದವು. 2023ರಲ್ಲಿ ಒಂದೇ ದಿನ ಅರವತ್ತಕ್ಕೂ ಹೆಚ್ಚು ಶಾಲೆಗಳಿಗೆ. ಎಲ್ಲವೂ ಹುಸಿ ಎಂದು ಗೊತ್ತಾಗುವ ಹೊತ್ತಿಗೆ ಗಾಬರಿಗೊಂಡ ತಂದೆತಾಯಂದಿರು ಶಾಲೆಗಳಿಗೆ ಧಾವಿಸಿದ್ದರು. ಇಂಥ ದಿನಕ್ಕೆ ಬೇಕಾದದ್ದು ಶಾಂತವಾದ ಕ್ರಮ: ಮಕ್ಕಳು ಸೇರಬೇಕಾದ ಬಯಲು ಯಾವುದು, ಹಾಜರಿ ಪುಸ್ತಕ ಯಾರ ಕೈಯಲ್ಲಿ, ಮಗುವನ್ನು ಯಾರ ವಶಕ್ಕೆ ಕೊಡುವುದು, ಪೋಷಕರಿಗೆ ಸುದ್ದಿ ಮುಟ್ಟಿಸುವವರು ಯಾರು. ವರ್ಷಕ್ಕೆರಡು ಸಲ ಇದನ್ನು ಆಡಿ ನೋಡಿದರೆ ಸಾಕು. ನಕಲಿ ಗುಂಡಿನ ಸದ್ದು ಮಾಡಿ, ನಿಜವೆಂದು ನಂಬಿಸಿ ಮಕ್ಕಳನ್ನು ನಡುಗಿಸುವ ಕವಾಯತು ಬೇಡ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘವೇ 2020ರಲ್ಲಿ ಹೇಳಿದೆ. ಬೆಂಕಿಗೂ, ಆನೆ ಬಂದದ್ದಕ್ಕೂ, ಬೆದರಿಕೆಗೂ ಒಂದೇ ಅಭ್ಯಾಸ ಸಾಕು: ಮೇಷ್ಟರ ಮಾತು ಕೇಳಿ ಸಾಲಾಗಿ ಹೋಗುವುದು, ಇಲ್ಲವೇ ಬಾಗಿಲು ಹಾಕಿ ಸದ್ದಿಲ್ಲದೆ ಕೂರುವುದು.

ಮನೆಗೆ ಹೋಗಿ ಮಾಡಬೇಕಾದದ್ದು

ಇಷ್ಟೆಲ್ಲ ಕೇಳಿದ ಮೇಲೆ ಮಾಡಬೇಕಾದದ್ದು ನಾಲ್ಕೇ ಕೆಲಸ. ಯಾವುದಕ್ಕೂ ಸರ್ಕಾರದ ಅನುದಾನ ಬೇಕಿಲ್ಲ.

ಒಂದು, ಬಂದೂಕು ಇರುವ ಮನೆಯವರು ಇವತ್ತೇ ರಾತ್ರಿ ಅದಕ್ಕೆ ಬೀಗ ಹಾಕಲಿ. ಪರವಾನಗಿ ಇಲ್ಲದ್ದು ಇದ್ದರೆ ಅದನ್ನು ಮನೆಯಲ್ಲಿಟ್ಟುಕೊಳ್ಳುವ ಧೈರ್ಯ ಮಾಡದಿರಲಿ. ಎರಡು, ಪ್ರತಿ ಶಾಲೆಯಲ್ಲಿ ಮಕ್ಕಳು ಹೆದರದೆ ಹೋಗಿ ಮಾತಾಡಬಹುದಾದ ಒಬ್ಬ ಶಿಕ್ಷಕ ಅಥವಾ ಶಿಕ್ಷಕಿ ಯಾರೆಂದು ಮಕ್ಕಳನ್ನೇ ಕೇಳಿ ಗೊತ್ತುಮಾಡಿಕೊಳ್ಳಲಿ. ಮೂರು, "ಹೇಳಿಕೊಡುವುದು ಚಾಡಿ, ಜೀವ ಉಳಿಸಲು ತಿಳಿಸುವುದು ಚಾಡಿಯಲ್ಲ" ಎಂಬ ವ್ಯತ್ಯಾಸವನ್ನು ಮನೆಯಲ್ಲಿ ತಾಯಿತಂದೆ ಮಕ್ಕಳಿಗೆ ಬಿಡಿಸಿ ಹೇಳಲಿ. ನಾಲ್ಕು, ಶಾಲಾ ಸಮಿತಿ ತನ್ನ ಮುಂದಿನ ಸಭೆಯಲ್ಲಿ ಬಿಸಿಯೂಟ, ಸಮವಸ್ತ್ರಗಳ ಜೊತೆಗೆ ಬಾಗಿಲು, ಬೀಗ, ಹೊರದಾರಿಗಳ ವಿಷಯವನ್ನೂ ಒಂದು ಗಂಟೆ ಚರ್ಚಿಸಲಿ.

ಹಳ್ಳಿಯ ಶಾಲೆಯನ್ನು ಕೋಟೆಯಾಗಿಸಬೇಕಾಗಿಲ್ಲ. ಕೋಟೆಯಾದರೆ ಊರಿನ ಕಣ್ಣು ಅದರ ಮೇಲಿಂದ ತಪ್ಪಿಹೋಗುತ್ತದೆ. ಗೇಟಿನ ಬಳಿ ಅಂಗಡಿ ಇಟ್ಟ ಅಜ್ಜಿ, ಬಿಸಿಯೂಟದ ಅಕ್ಕ, ದನ ಹೊಡೆದುಕೊಂಡು ಹೋಗುವ ಅಣ್ಣ ಇವರಿಗೆಲ್ಲ ಆ ಮಕ್ಕಳ ಹೆಸರು ಗೊತ್ತು. ಹೊಸ ಮುಖ ಬಂದರೆ ಮೊದಲು ಗುರುತಿಸುವವರು ಅವರೇ, ಮಗುವಿನ ಮುಖ ಬಾಡಿದ್ದರೆ ಮೊದಲು ಕೇಳುವವರೂ ಅವರೇ. ಆ ಪರಿಚಯ ದೊಡ್ಡ ನಗರದ ದುಬಾರಿ ಶಾಲೆಗಳಿಗೆ ಹಣ ಕೊಟ್ಟರೂ ಸಿಗದು. ಅದನ್ನು ಉಳಿಸಿಕೊಂಡು, ಮನೆಯ ಆಯುಧಕ್ಕೆ ಬೀಗ ಹಾಕಿ, ಮಗುವಿನ ಬಾಯಿಗೆ ಬೀಗ ಹಾಕದೆ ಇದ್ದರೆ ಈ ಸೀಮೆಯ ಶಾಲೆಗಳು ಈಗಿರುವಂತೆಯೇ ತೆರೆದ ಅಂಗಳಗಳಾಗಿ ಉಳಿದಾವು.